ಬೆಂಕಿಗೋಡೆ ಕೆಡವಿದ ಮಾಸ್ಟರು

"ನೋಡಿ, ಇದಕ್ಕೆ ಫೈರ್‌ವಾಲ್ ಅಂತಾರೆ. ಬೆಂಕಿ ಗೋಡೆ. ಹೆಸರು ಕೇಳಿದ್ರೇನೇ ಅರ್ಧ ಜನ ಬೆವರ್ತಾರೆ. ಕಂಪ್ಯೂಟರ್ ಜೊತೆಗೇ ಹುಟ್ಟಿ ಬಂದಿರುತ್ತೆ, ನಾವು ಕೇಳಿದ್ದೂ ಅಲ್ಲ, ಬೇಡಿದ್ದೂ ಅಲ್ಲ. ನಾನು ಕೇಳೋದು ಇಷ್ಟೇ, ನಮ್ಮನೇಲಿ ಬೆಂಕಿ ಎಲ್ಲಿದೆ? ಬೆಂಕಿ ಇಲ್ಲದ ಮೇಲೆ ಗೋಡೆ ಯಾಕೆ? ಹೋಗ್ಲಿ, ಇದೆ ಅಂತಿಟ್ಕೊಳ್ಳಿ. ಗೋಡೆ ಏನು ಮಾಡುತ್ತೆ? ಅಡ್ಡ ನಿಲ್ಲುತ್ತೆ. ಪ್ರಿಂಟರ್ ಹತ್ರ ಮಾತಾಡೋಕೆ ಹೋದ್ರೆ ಅಡ್ಡ. ಪಕ್ಕದ ಕಂಪ್ಯೂಟರಿಗೆ ಒಂದು ಫೋಟೋ ಕಳಿಸ್ತೀನಿ ಅಂದ್ರೆ ಅಡ್ಡ. ಬಾಗಿಲಲ್ಲಿ ಕೂತ್ಕೊಂಡಿರೋ ಅತ್ತೆ ಥರ, ಯಾರು, ಎಲ್ಲಿಂದ ಬಂದ್ರಿ, ಯಾಕೆ ಬಂದ್ರಿ ಅಂತ. ನಾನೇನು ಮಾಡ್ತೀನಿ? ಸೀದಾ ಒಳಗೆ ಹೋಗ್ತೀನಿ. ಇಲ್ಲಿ ಎರಡು ಜಾಗ ಇದೆ ನೋಡಿ. ಒಂದು ಮನೆ ನೆಟ್‌ವರ್ಕಿಗೆ, ಒಂದು ಹೊರಗಿನದಕ್ಕೆ. ಎರಡೂ ಆಫ್. ಟಕ್, ಟಕ್. ಈಗ ಕೆಂಪು ಗುರಾಣಿ ಬಂತಾ? ಅದರೊಳಗೆ ಇಂಟು ಮಾರ್ಕ್ ಬಂತಾ? ಹೆದರ್ಬೇಡಿ. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಅಂತ ಅದು ಬಾಯಿ ಬಡ್ಕೊಳ್ಳುತ್ತೆ, ಅದರ ಬಾಯಿ ಮುಚ್ಚಿಸೋಕೂ ಒಂದು ಗುಂಡಿ ಇದೆ. ಈಗ ಪ್ರಿಂಟ್ ಕೊಡಿ. ಬಂತಾ? ಬಂತೋ ಇಲ್ವೋ ಹೇಳಿ. ಎಲ್ಲಾದ್ರೂ ಬೆಂಕಿ ಬಿತ್ತಾ?"

ಈ ಮಾತನ್ನು ಮಾಸ್ಟರು ನಿಂತೇ ಹೇಳುತ್ತಿದ್ದರು. ಕುಳಿತು ಹೇಳಿದರೆ ಅದರ ತೂಕ ಇಳಿಯುತ್ತದೆಂದು ಅವರ ನಂಬಿಕೆ. ಒಂದು ಕೈ ಕಂಪ್ಯೂಟರಿನ ನೆತ್ತಿಯ ಮೇಲೆ, ಇನ್ನೊಂದು ತಮ್ಮ ಸೊಂಟದ ಮೇಲೆ. ಮೂರು ಮಹಡಿಯ ಆ ಕಟ್ಟಡದಲ್ಲಿ ಈ ಭಾಷಣ ಕೇಳದ ಮನೆಯಿರಲಿಲ್ಲ. ಕೆಲವರು ಎರಡು ಸಲ ಕೇಳಿದ್ದರು, ಯಾಕೆಂದರೆ ಕಂಪ್ಯೂಟರು ತನ್ನನ್ನು ತಾನೇ ಹೊಸದು ಮಾಡಿಕೊಂಡಾಗಲೆಲ್ಲ ಗೋಡೆಯೂ ಮತ್ತೆ ಎದ್ದು ನಿಲ್ಲುತ್ತಿತ್ತು, ಮಾಸ್ಟರೂ ಮತ್ತೆ ಬರಬೇಕಾಗುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ. ಯಂತ್ರ ಮುನಿಸಿಕೊಂಡರೆ ಮೆಟ್ಟಿಲ ಮೇಲೆ ನಿಂತು ಕೂಗಿ ಕರೆಯುವಷ್ಟು ಹತ್ತಿರ ಇದ್ದವರು ಅವರೊಬ್ಬರೇ.

ಮಾಸ್ಟರು ಎಂಬ ಹೆಸರು ಅವರಿಗೆ ಪಾಠ ಹೇಳಿ ಬಂದದ್ದಲ್ಲ. ಅರ್ಧ ಆಯುಸ್ಸು ಅವರು ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮಾರುವ ದೊಡ್ಡ ಅಂಗಡಿಯಲ್ಲಿದ್ದರು. ಬಂದ ಗಿರಾಕಿಗೆ ಸ್ವಿಚ್ಚು ಒತ್ತಿ ತೋರಿಸುವುದು ಅವರ ಕೆಲಸ. ಒತ್ತಿದರೆ ತಿರುಗುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಇದನ್ನು ಅವರು ಎಷ್ಟು ಚಂದ ಮಾಡುತ್ತಿದ್ದರೆಂದರೆ ಗಿರಾಕಿಗಳಿಗೆ ತಮ್ಮ ಮನೆಯ ಫ್ಯಾನು ತಿರುಗುವುದೇ ಸುಳ್ಳು ಅನ್ನಿಸಿಬಿಡುತ್ತಿತ್ತು. ಅಂಗಡಿಯವರು ಒಂದು ನೀಲಿ ಕೋಟು ಕೊಟ್ಟಿದ್ದರು, ಜೇಬಿನ ಮೇಲೆ 'ಡೆಮೊ ಮಾಸ್ಟರ್' ಎಂದು ಹೊಲಿಸಿದ್ದರು. ಅಂಗಡಿ ಮುಚ್ಚಿತು, ಕೋಟು ಉಳಿಯಿತು. ಮನೆಗೆ ಬಂದವರೇ ಮಾಸ್ಟರು ಮೊದಲು ಮಾಡಿದ ಕೆಲಸ, ಆ ಕೋಟನ್ನು ಹೆಂಡತಿಯ ಮುಂದೆ ಚಾಚಿ, "ಆ ಮೊದಲನೇ ಪದ ಬಿಚ್ಚಿಬಿಡು" ಎಂದದ್ದು. ಅವಳು ಸೂಜಿಯ ಮೊನೆಯಿಂದ 'ಡೆಮೊ' ಬಿಚ್ಚಿದಳು. ಅಲ್ಲಿಗೆ ಅವರ ಓದು ಮುಗಿದು ಪದವಿ ಬಂದಂತಾಯಿತು.

ಹೆಂಡತಿಗೆ ಅವರು ಹಾಗೆ ಮನೆಯಲ್ಲಿ ಕೂರುವುದಕ್ಕಿಂತ ನಾಲ್ಕು ಮನೆ ತಿರುಗುವುದೇ ವಾಸಿಯೆನಿಸಿತ್ತು. ಅವಳಿಗೆ ಕೈತುಂಬ ಕೆಲಸ. ಮುಂದಿನ ಕೋಣೆಯಲ್ಲಿ ಅವಳ ಕಸೂತಿ ಮಷಿನ್ನು ಇತ್ತು. ಹೂವು, ಬಳ್ಳಿ, ಹಕ್ಕಿಗಳನ್ನು ಅವಳು ಕಂಪ್ಯೂಟರಿನಲ್ಲಿ ಬರೆದರೆ ಮಷಿನ್ನು ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತಿತ್ತು. ದಿಂಬಿನ ಚೀಲ, ಹೊದಿಕೆಯ ಅಂಚು, ಮೇಜಿನ ಬಟ್ಟೆ. ಪೇಟೆಯ ಹಾಸಿಗೆ ಅಂಗಡಿಯವನೊಬ್ಬ ಎಲ್ಲವನ್ನೂ ಕೊಳ್ಳುತ್ತಿದ್ದ. ಬೇರೆ ಯಾರ ಹತ್ತಿರವೂ ಈ ಬಳ್ಳಿ ಸಿಗುವುದಿಲ್ಲ ಎಂಬುದೇ ಅವನಿಗೆ ಬೇಕಾದದ್ದು.

ಅವಳ ಜೊತೆ ಕೆಲಸಕ್ಕೆ ಇದ್ದವಳು ಕತ್ತರಿ ಅಕ್ಕ. ಹಿಂದಿನ ಬೀದಿಯವಳು, ವಯಸ್ಸಾದವಳು, ಒಂಟಿ. ಮಷಿನ್ನಿನ ಸೂಜಿ ಒಂದು ಹೂವು ಮುಗಿಸಿ ಇನ್ನೊಂದಕ್ಕೆ ನೆಗೆಯುವಾಗ ನಡುವೆ ದಾರ ಎಳೆದುಕೊಂಡು ಹೋಗುತ್ತದೆ. ಆ ದಾರಗಳನ್ನು ಬುಡಕ್ಕೆ ಸರಿಯಾಗಿ, ಬಟ್ಟೆಗೆ ತಾಗದಂತೆ ಕತ್ತರಿಸುವುದು ಅವಳ ಕೆಲಸ. ಹೆಂಡತಿ ಕೈಯಲ್ಲೇ ಸೂಜಿ ಹಿಡಿದು ಕಸೂತಿ ಹಾಕುತ್ತಿದ್ದ ಕಾಲದಿಂದಲೂ ಇಬ್ಬರೂ ಒಟ್ಟಿಗೆ. ಒಬ್ಬಳು ಕೆಮ್ಮಿದರೆ ಇನ್ನೊಬ್ಬಳು ನೀರು ಕೊಡುವಷ್ಟು ಬಳಕೆ.

ಕಸೂತಿ ಮಷಿನ್ನಿಗೆ ತಂತಿ ಇರಲಿಲ್ಲ, ಕಂಪ್ಯೂಟರಿನಿಂದ ಚಿತ್ರ ಗಾಳಿಯಲ್ಲೇ ಹೋಗಬೇಕು. ತಂದ ಮೊದಲ ದಿನ ಹೋಗಲಿಲ್ಲ. ಮಾಸ್ಟರು ನಿಂತರು, ಭಾಷಣ ಮಾಡಿದರು, ಟಕ್ ಟಕ್ ಎನಿಸಿದರು, ಹೋಯಿತು. ಅಷ್ಟಕ್ಕೇ ಬಿಟ್ಟರೆ ಮಾಸ್ಟರು ಹೇಗಾದಾರು? ಮುಂದೆ ಎಂದೂ ತೊಂದರೆ ಬಾರದಿರಲಿ ಎಂದು ಕಡತಗಳ ಪೆಟ್ಟಿಗೆಯನ್ನೇ 'ಎಲ್ಲರಿಗೂ' ಎಂದು ತೆರೆದಿಟ್ಟರು, ಗುಪ್ತಪದವನ್ನೂ ತೆಗೆದುಹಾಕಿದರು. "ನಮ್ಮೊಳಗೆ ಎಂಥ ಬೀಗ?" ಎಂದರು. ಬೇರೆ ಮನೆಗಳಲ್ಲೂ ಇದನ್ನೇ ಮಾಡಿದರು, ಇದನ್ನೇ ಅಂದರು.

ಅವರ ಕೆಲಸದಲ್ಲಿ ಇನ್ನೂ ಒಂದು ವಿಶೇಷವಿತ್ತು. ಪ್ರತಿ ಕಂಪ್ಯೂಟರಿಗೂ ಒಂದು ಹೆಸರಿರುತ್ತದೆಯಂತೆ, ಕಾರ್ಖಾನೆಯವರು ಯಾವುದೋ ಅಡ್ಡಾದಿಡ್ಡಿ ಅಕ್ಷರ ಇಟ್ಟಿರುತ್ತಾರೆ. ಮಾಸ್ಟರು ಮುಟ್ಟಿದ ಕಂಪ್ಯೂಟರಿಗೆಲ್ಲ ತಮ್ಮ ಹೆಸರನ್ನೇ ಇಟ್ಟರು. ಬಾವಿ ತೋಡಿಸಿದವನು ಕಲ್ಲು ನೆಡುವುದಿಲ್ಲವೇ, ಹಾಗೆ. ಒಂದೇ ಹೆಸರಿನ ಎರಡು ಯಂತ್ರ ಒಂದೇ ಲೈನಿನಲ್ಲಿದ್ದರೆ ಕಚ್ಚಾಡುತ್ತವೆಂದು ಗೊತ್ತಾದ ಮೇಲೆ ಅಂಕಿ ಸೇರಿಸಿದರು. ತಮ್ಮ ಮನೆಯದು ಮಾಸ್ಟರ್ ಒಂದು. ಮಹಡಿಯ ಟ್ಯೂಷನ್ ಮೇಡಂ ಅವರದು ಮಾಸ್ಟರ್ ಎರಡು. ನಿವೃತ್ತ ಗುಮಾಸ್ತರದು ಮೂರು. ಹಾಗೆಯೇ ಹೋಗಿ ನೆಲಮಹಡಿಯ ಟೈಲರಮ್ಮನದು ಕೊನೆಯದು. ಇಡೀ ಕಟ್ಟಡಕ್ಕೆ ಇಂಟರ್ನೆಟ್ಟಿನ ಲೈನೂ ಒಂದೇ. "ಮನೆಗೊಂದು ಯಾಕೆ? ಒಂದನ್ನೇ ಹಂಚ್ಕೊಳ್ಳೋಣ" ಎಂದು ಅದನ್ನು ಕೂಡಿಸಿಕೊಟ್ಟವರು ಬೇರೆ ಯಾರೂ ಅಲ್ಲ.

ಹೀಗಿರುವಾಗ ಒಂದು ದಿನ ಹಾಸಿಗೆ ಅಂಗಡಿಯವನು ಹೆಂಡತಿಗೆ ಫೋನು ಮಾಡಿದ.

"ಏನಮ್ಮಾ, ನನಗೊಬ್ಬನಿಗೇ ಅಂತ ಹೇಳಿ ಊರಿಗೆಲ್ಲ ಮಾರ್ತಿದ್ದೀರಲ್ಲ."

"ನಾನೆಲ್ಲಿ ಮಾರಿದೆ?"

"ನಿಮ್ಮ ಕಟ್ಟಡದ ಕೆಳಗೇ ನೋಡ್ಕೊಳ್ಳಿ. ಗಾಜಿನೊಳಗೆ ನೇತು ಹಾಕಿದ್ದಾರೆ."

ಹೆಂಡತಿ ಕೆಳಗಿಳಿದು ನೋಡಿದಳು. ಟೈಲರಮ್ಮನ ಗಾಜಿನ ಕಪಾಟಿನಲ್ಲಿ ಅವಳದೇ ಬಳ್ಳಿ. ಅವಳದೇ ಎಂದರೆ, ತುದಿಯಿಂದ ಮೂರನೆಯ ಎಲೆ ಬೆನ್ನು ತಿರುಗಿಸಿ ಕೂತಿತ್ತು. ಅದು ಅವಳ ಕೈ ತಪ್ಪಿ ಆದದ್ದು. ಹೆತ್ತವಳಿಗೆ ಮಗುವಿನ ಮಚ್ಚೆ ಮರೆಯುತ್ತದೆಯೇ? ಅದರ ಪಕ್ಕದಲ್ಲಿ ಅವಳ ದ್ರಾಕ್ಷಿ ಗೊಂಚಲು, ಅದರಾಚೆ ಅವಳ ಜೋಡಿ ಗುಬ್ಬಿ. ಟೈಲರಮ್ಮನೂ ಹೊಸದಾಗಿ ಇಂಥದೇ ಮಷಿನ್ನು ಕೊಂಡಿದ್ದಳು.

ಅಲ್ಲೇ ಒಳಗೆ ಹೋಗಿ "ಇದೆಲ್ಲಿಂದ ಬಂತಮ್ಮಾ?" ಎಂದು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಕೇಳಲೆಂದೇ ಅವಳು ಹೊಸ್ತಿಲ ಮೇಲೆ ಕಾಲಿಟ್ಟಿದ್ದಳು. ಹಿಂದಿನಿಂದ ಬಂದ ಮಾಸ್ಟರು ಸೆರಗು ಹಿಡಿದು ಎಳೆದರು.

"ಕೇಳ್ಬೇಡ. ಕೇಳಿದ್ರೆ ಸಾಕ್ಷಿ ಅಳಿಸಿಬಿಡ್ತಾಳೆ. ಇದು ಒಳಗಿನವರ ಕೆಲಸ. ತನಿಖೆ ನನಗೆ ಬಿಡು."

ಒಳಗಿನವರ ಕೆಲಸ ಎಂದದ್ದು ಸರಿಯಾಗಿಯೇ ಇತ್ತು. ಎಷ್ಟು ಒಳಗಿನವರೆಂಬುದಷ್ಟೇ ಅವರಿಗೆ ಹೊಳೆಯಲಿಲ್ಲ. ಮಾಸ್ಟರು ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ ಯೋಚಿಸಿದರು. ಮನೆಯೊಳಗೆ ಬರುವವರು ಯಾರು? ತಾವು, ಹೆಂಡತಿ, ಕತ್ತರಿ ಅಕ್ಕ. ತಾವಲ್ಲ. ಹೆಂಡತಿಯಲ್ಲ. ಉಳಿದದ್ದೆಷ್ಟು? ಇಷ್ಟು ಸಲೀಸಾಗಿ ಬಿಡಿಸಿದ ಲೆಕ್ಕ ತಪ್ಪಿರಬಹುದೆಂದು ಅವರಿಗೆ ಕನಸಿನಲ್ಲೂ ಬರಲಿಲ್ಲ.

"ಅವಳಿಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ ಕಣ್ರೀ" ಎಂದಳು ಹೆಂಡತಿ.

"ಬರಲ್ಲ ಅಂತ ತೋರಿಸ್ಕೊಳ್ಳೋರೇ ಅಪಾಯ. ಆ ಚೀಲ ನೋಡಿದ್ದೀಯಾ? ದಿನಾ ತರ್ತಾಳೆ, ದಿನಾ ತಗೊಂಡು ಹೋಗ್ತಾಳೆ. ಏನಿದೆ ಅದರಲ್ಲಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಬರೆ ಹಾಕುವಾಗಲಾದರೂ ಕೊಟ್ಟಿಗೆಯ ಬಾಗಿಲು ಮುಚ್ಚುತ್ತಾರೆ. ಮಾಸ್ಟರು ಆರಿಸಿಕೊಂಡ ಜಾಗ ಮೆಟ್ಟಿಲು. ಸಂಜೆ, ಟ್ಯೂಷನ್ನಿನ ಮಕ್ಕಳು ಇಳಿಯುವ ಹೊತ್ತು, ಗುಮಾಸ್ತರು ಗಾಳಿಗೆ ನಿಲ್ಲುವ ಹೊತ್ತು. ಕತ್ತರಿ ಅಕ್ಕ ಕೆಲಸ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು.

"ಸ್ವಲ್ಪ ನಿಲ್ಲಿ. ಚೀಲ ತೋರಿಸಿ."

ಕತ್ತರಿ ಅಕ್ಕ ನಕ್ಕಳು. "ಯಾಕೆ ಮಾಸ್ಟರ್ರೇ, ನನ್ನ ಕತ್ತರಿಗೂ ಏನಾದ್ರೂ ಆಫ್ ಮಾಡ್ಬೇಕಾ?"

"ನಗೋ ವಿಷಯ ಅಲ್ಲ. ಈ ಮನೆಯಿಂದ ಮಾಲು ಹೋಗ್ತಿದೆ. ತೋರಿಸಿ ಅಂದೆ."

ನಗು ಅಲ್ಲೇ ನಿಂತಿತು. ಅವಳು ಚೀಲವನ್ನು ಮೆಟ್ಟಿಲ ಮೇಲೆ ಸುರಿದಳು. ಕತ್ತರಿ, ಕನ್ನಡಕದ ಡಬ್ಬಿ, ಮನೆಯ ಬೀಗದ ಕೈ, ಉಂಡೆ ಸುತ್ತಿದ ದಾರದ ಚೂರು, ಮಡಿಸಿದ ಒಂದು ಬಟ್ಟೆ. ಮಾಸ್ಟರು ಬಟ್ಟೆಯನ್ನು ಬಿಡಿಸಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು, ಹಿಂದೆ ಅಂಗಡಿಯಲ್ಲಿ ಮಿಕ್ಸಿಯ ಮುಚ್ಚಳ ಎತ್ತಿ ಹಿಡಿಯುತ್ತಿದ್ದ ಹಾಗೆ. ಅದರ ಮೇಲೆ ಆ ಬಳ್ಳಿ ಇತ್ತು, ಅರ್ಧ.

"ಇದೇನು?"

"ಬಿಸಿ ಪಾತ್ರೆ ಇಳಿಸೋಕೆ ಇಟ್ಕೊಂಡಿದ್ದೀನಿ. ಕೆಟ್ಟು ಹೋದ ಚೂರು."

"ಪಾತ್ರೆ ಇಳಿಸೋಕೋ, ಕೆಳಗೆ ಇಳಿಸೋಕೋ?"

ಕತ್ತರಿ ಅಕ್ಕ ಮಾಸ್ಟರನ್ನು ನೋಡಲಿಲ್ಲ, ಅವರ ಹಿಂದೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದಳು. ಆ ಚೂರನ್ನು ಕೊಟ್ಟವಳು ಹೆಂಡತಿಯೇ. "ಎಸೆಯೋ ಬದ್ಲು ನೀನೇ ಇಟ್ಕೋ ಅಕ್ಕ" ಎಂದು ಅವಳೇ ಕೈಯಾರೆ ಚೀಲಕ್ಕೆ ತುರುಕಿದ್ದಳು. ಮಾತು ಗಂಟಲವರೆಗೆ ಬಂತು. ನಾಲ್ಕು ಜನರ ಎದುರು ಗಂಡನ ಮಾತು ಸುಳ್ಳು ಎನ್ನುವುದು ಹೇಗೆ ಎಂದು ಅವಳು ಯೋಚಿಸುತ್ತ ನಿಂತಳು. ಕೆಲವು ಮಾತು ಯೋಚಿಸುವಷ್ಟರಲ್ಲಿ ತಣ್ಣಗಾಗುತ್ತವೆ. ಗಂಡನ ಮಾನ ಉಳಿಯಿತು. ಕತ್ತರಿ ಅಕ್ಕ ಬಗ್ಗಿ ಒಂದೊಂದೇ ಸಾಮಾನು ಚೀಲಕ್ಕೆ ಹಾಕಿಕೊಂಡು, ಬಟ್ಟೆಯನ್ನು ಅಲ್ಲೇ ಬಿಟ್ಟು, ಕಂಬಿ ಹಿಡಿದು ಇಳಿದು ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಸುಮ್ಮನೆ ಮನೆಯಲ್ಲಿ ಕೂರಬಹುದಿತ್ತು, ಮಾತು ಕೂರಲಿಲ್ಲ. ಮೆಟ್ಟಿಲ ಮೇಲೆ ಹುಟ್ಟಿದ ಮಾತಿಗೆ ಬೀದಿ ಸೇರಲು ಎಷ್ಟು ಹೊತ್ತು ಬೇಕು? ಪರದೆ ಹೊಲಿಯುವ ಅಂಗಡಿಯಾಕೆ ವಾರಕ್ಕೆರಡು ದಿನ ಕರೆಯುತ್ತಿದ್ದವಳು, "ಸದ್ಯಕ್ಕೆ ಕೆಲಸ ಇಲ್ಲ" ಎಂದಳು. ದಿನಸಿ ಅಂಗಡಿಯಲ್ಲಿ ಯಾರೋ, "ಕತ್ತರಿ ಅಕ್ಕ ಬಂದ್ರು, ನಿಮ್ಮ ನಿಮ್ಮ ಚೀಲ ನೋಡ್ಕೊಳ್ರಪ್ಪಾ" ಎಂದು ನಗಾಡಿದರಂತೆ. ಅವಳಿಗಿದ್ದ ಆಸ್ತಿಯೆಂದರೆ ಒಂದು ಕತ್ತರಿ, ಒಂದು ಒಳ್ಳೆಯ ಹೆಸರು. ಎರಡನೆಯದು ಇಲ್ಲದೆ ಮೊದಲನೆಯದು ಯಾವ ಕೆಲಸಕ್ಕೂ ಬರುವುದಿಲ್ಲ.

ಇತ್ತ ಹೆಂಡತಿ ದಾರ ತಾನೇ ಕತ್ತರಿಸಲು ಕೂತಳು. ಅವಳ ಕೈ ಬರೆಯುವ ಕೈ, ಕತ್ತರಿಸುವ ಕೈಯಲ್ಲ. ಮೊದಲ ದಿಂಬಿನ ಚೀಲಕ್ಕೇ ತೂತು ಬಿತ್ತು. ಎದುರಿನ ಖಾಲಿ ಮಣೆಯ ಕಡೆಗೆ ನೋಡದಿರಲು ಅವಳು ಕಿಟಕಿಗೆ ಮುಖ ಮಾಡಿ ಕುಳಿತಳು.

ಮಾಸ್ಟರಿಗೆ ಮಾತ್ರ ಹುರುಪು ಬಂದಿತ್ತು. ಮುಂದಿನ ಕೋಣೆಗೆ ಅಂಗೈಯಗಲದ ಬೀಗ ತಂದರು. ಕಿಟಕಿಗೆ ಒಳಗಿನಿಂದ ಚಿಲಕ ಹಾಕಿಸಿದರು. ಬಾಗಿಲು ತೆರೆದರೆ ಕಿರುಚುವ ಒಂದು ಗಂಟೆ ಕಟ್ಟಿದರು, ಅದು ಮಾಸ್ಟರು ಒಳಗೆ ಬರುವಾಗಲೆಲ್ಲ ಕಿರುಚುತ್ತಿತ್ತು. ದಿನಕ್ಕೆರಡು ಸಲ ಬೀಗ ಜಗ್ಗಿ ನೋಡಿ, "ಇನ್ನು ಇರುವೆ ಕೂಡ ಬರಲ್ಲ" ಎನ್ನುತ್ತಿದ್ದರು. ಬೀಗ ಹಾಕಿದ ಕೋಣೆಯೊಳಗೆ, ಬಾಯಿ ಮುಚ್ಚಿಸಿಕೊಂಡ ಕೆಂಪು ಗುರಾಣಿಯ ಹಿಂದೆ, ಕಂಪ್ಯೂಟರು ತನ್ನ ಬಾಗಿಲುಗಳನ್ನೆಲ್ಲ ಹಾರುಹೊಡೆದುಕೊಂಡು ಕೂತಿತ್ತು.

ಆ ದಿನಗಳಲ್ಲಿ ಹೆಂಡತಿ ಒಂದು ಕೊಕ್ಕರೆ ಬರೆಯುತ್ತಿದ್ದಳು. ಮನಸ್ಸು ನಿಲ್ಲದೆ ಅದೂ ನಿಂತಿತ್ತು. ಕುತ್ತಿಗೆ ಆಗಿತ್ತು, ರೆಕ್ಕೆ ಆಗಿತ್ತು, ಒಂದು ಕಾಲು ಆಗಿತ್ತು. ಇನ್ನೊಂದು ಕಾಲಿಗೆ ಬಂದಾಗ ಕೈ ಓಡಲಿಲ್ಲ, ಹಾಗೆಯೇ ಮುಚ್ಚಿಟ್ಟಿದ್ದಳು. ಬಟ್ಟೆಗೆ ಇಳಿಸಿರಲಿಲ್ಲ, ಮಾಸ್ಟರಿಗೂ ತೋರಿಸಿರಲಿಲ್ಲ.

ಒಂದು ಮಧ್ಯಾಹ್ನ ಗಂಟೆ ಕಿರುಚಿತು. ಬಾಗಿಲಲ್ಲಿ ಟೈಲರಮ್ಮ, ಕೊರಳಲ್ಲಿ ಅಳತೆಯ ಟೇಪು, ಮುಖದ ತುಂಬ ನಗು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ, ಅವಸರ ಮಾಡ್ತೀನಿ ಅಂತ. ಆ ಕೊಕ್ಕರೆಗೆ ಇನ್ನೊಂದು ಕಾಲು ಯಾವಾಗ ಹಾಕ್ತೀರಿ?"

ಹೆಂಡತಿ ಕತ್ತರಿ ಬದಿಗಿಟ್ಟು ಎದ್ದಳು. "ಯಾವ ಕೊಕ್ಕರೆ?"

"ಅದೇ, ಮೊನ್ನೆ ಹಾಕಿದ್ರಲ್ಲ. ನಾನು ತಡೀಲಾರದೆ ಒಂದು ಹೊಲಿದೇಬಿಟ್ಟೆ. ಒಂಟಿ ಕಾಲಲ್ಲಿ ನಿಂತಿದೆ, ಕೊಕ್ಕರೆ ಹಾಗೇ ಅಲ್ವಾ ನಿಲ್ಲೋದು ಅಂತ ಒಬ್ರು ತಗೊಂಡೂ ಹೋದ್ರು. ಈಗ ಇನ್ನೊಬ್ಬರು ಎರಡು ಕಾಲೂ ಬೇಕು ಅಂತ ಹಟ ಹಿಡಿದಿದ್ದಾರೆ."

ಮಾಸ್ಟರು ಕುರ್ಚಿಯಿಂದ ಎದ್ದರು. ತನಿಖೆ ತಾನಾಗಿಯೇ ಮೆಟ್ಟಿಲು ಹತ್ತಿ ಬಂದಿತ್ತಲ್ಲ. "ಸಿಕ್ಕಿಬಿದ್ರಿ! ಹೇಳಿ, ಯಾರು ತಂದುಕೊಟ್ರು? ಕತ್ತರಿ ಅಕ್ಕ ತಾನೆ?"

ಟೈಲರಮ್ಮ ಅವರ ಮುಖ ನೋಡಿದಳು, ತಮಾಷೆ ಮಾಡುತ್ತಿದ್ದಾರೋ ಎಂಬಂತೆ.

"ಅವರ್ಯಾಕೆ ತಂದುಕೊಡ್ತಾರೆ? ನೀವೇ ಕೊಟ್ಟಿದ್ದಲ್ವಾ?"

"ನಾನಾ?"

"ನನ್ನ ಕಂಪ್ಯೂಟರ್ ರಿಪೇರಿ ಮಾಡಿದ್ರಲ್ಲ, ಅವತ್ತಿಂದ ಅದರಲ್ಲಿ ಸಾಲಾಗಿ ಕಾಣುತ್ತೆ. ಮಾಸ್ಟರ್ ಒಂದು, ಮಾಸ್ಟರ್ ಎರಡು, ಮೂರು ಅಂತ. ಒಂದನೇದು ಒತ್ತಿದ್ರೆ ಹೂವು, ಬಳ್ಳಿ, ಗುಬ್ಬಿ. ಎಲ್ಲಾದ್ರ ಮೇಲೂ ನಿಮ್ಮದೇ ಹೆಸರು. ನಮ್ಮಂಥ ಹೊಸಬರಿಗೆ ಅಂತ ಮಾಸ್ಟರು ಪುಕ್ಕಟೆ ಇಟ್ಟಿದ್ದಾರೆ, ಎಷ್ಟು ದೊಡ್ಡ ಮನಸ್ಸು ಅಂತ ನಮ್ಮೋರ ಹತ್ರ ಹೇಳ್ತಾನೇ ಇದ್ದೀನಿ. ಅವತ್ತು ನೀವೇ ಅಂದ್ರಲ್ಲ, ನಮ್ಮೊಳಗೆ ಎಂಥ ಬೀಗ ಅಂತ."

"ಹಾಗಾಗೋಕೆ ಸಾಧ್ಯವೇ ಇಲ್ಲ. ಇದು ಟೆಕ್ನಿಕಲ್ ವಿಷಯ" ಎಂದರು ಮಾಸ್ಟರು.

ಮೂವರೂ ಕೆಳಗಿಳಿದರು. ಟೈಲರಮ್ಮ ತೋರಿಸಿದಳು. ನಿಜವೇ, ಸಾಲಾಗಿ ನಿಂತಿದ್ದವು, ಜಾತ್ರೆಗೆ ಹೊರಟ ಒಂದೇ ಮನೆಯ ಮಕ್ಕಳ ಹಾಗೆ. ಮಾಸ್ಟರ್ ಒಂದರಲ್ಲಿ ಹೆಂಡತಿಯ ಇಷ್ಟು ವರ್ಷದ ಹೂವುಗಳೆಲ್ಲ. ಮಾಸ್ಟರ್ ಎರಡರಲ್ಲಿ ಟ್ಯೂಷನ್ ಮೇಡಂ ಅವರ ಮುಂದಿನ ವಾರದ ಪ್ರಶ್ನೆಪತ್ರಿಕೆ. ಅವರ ಮಕ್ಕಳೆಲ್ಲ ಇದ್ದಕ್ಕಿದ್ದಂತೆ ಯಾಕೆ ಅಷ್ಟು ಬುದ್ಧಿವಂತರಾದರೆಂದು ಕಟ್ಟಡವೇ ಬೆರಗಾಗಿತ್ತು, ಅದೂ ಅಲ್ಲಿಗೆ ತಿಳಿಯಿತು. ಮಾಸ್ಟರ್ ಮೂರರಲ್ಲಿ ನಿವೃತ್ತ ಗುಮಾಸ್ತರು ಕೂದಲಿಗೆ ಬಣ್ಣ ಹಚ್ಚುವ ಮೊದಲು ಮತ್ತು ಆಮೇಲೆ ತಾವೇ ತೆಗೆದುಕೊಂಡ ಫೋಟೋಗಳು.

"ಪಾಪ, ಇದನ್ನ ನಾನು ನೋಡಲ್ಲ" ಎಂದಳು ಟೈಲರಮ್ಮ, ಎಲ್ಲವನ್ನೂ ನೋಡಿದವಳ ದನಿಯಲ್ಲಿ.

ಹೆಂಡತಿ ಗಂಡನ ಕಡೆ ತಿರುಗಿದಳು. "ಇದನ್ನ ತೆರೆದಿಟ್ಟಿದ್ದು ಯಾರು?"

"ಅದು... ಏನೋ ಆಗಿದೆ. ಹೀಗೆಲ್ಲ ಆಗ್ತಾ ಇರುತ್ತೆ. ಹೊರಗಿನಿಂದ ಎಲ್ಲಿಂದಲೋ ಹೊಗೆ ನುಗ್ಗಿರಬಹುದು..."

"ಯಾರ ಮನೆ ಹೊಗೆ? ಬೆಂಕಿನೇ ಇಲ್ಲ ಅಂದ್ರಲ್ಲ."

ಅವಳು ಮೇಲೆ ಹೋಗಿ ಮಷಿನ್ನು ಮಾರಿದ ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ಆಕಳಿಸುತ್ತಲೇ ಹೇಳಿದಳು: "ಫೈರ್‌ವಾಲ್ ಆಫ್ ಮಾಡೋದೇ ಬೇಡಮ್ಮಾ. ಅದು ಆನ್ ಇರ್ಲಿ. ನಿಮ್ಮ ಕಸೂತಿ ಸಾಫ್ಟ್‌ವೇರ್ ಒಂದಕ್ಕೆ ಮಾತ್ರ ಒಳಗೆ ಬಿಡು ಅಂತ ಟಿಕ್ ಹಾಕಿ. ಗೋಡೇಲಿ ಒಂದು ಕಿಂಡಿ ಇದ್ದ ಹಾಗೆ, ಅಷ್ಟೇ." ಹೆಂಡತಿ ಒಂದೊಂದೇ ಕೇಳಿಕೊಂಡು ಒತ್ತಿದಳು. ಮನೆ ನೆಟ್‌ವರ್ಕಿನದು ಆನ್. ಹೊರಗಿನದು ಆನ್. ಕೆಂಪು ಗುರಾಣಿ ಹಸಿರಾಯಿತು. ಪಟ್ಟಿಯಲ್ಲಿ ಕಸೂತಿಯದೊಂದಕ್ಕೆ ಟಿಕ್. 'ಎಲ್ಲರಿಗೂ' ಎಂದಿದ್ದ ಪೆಟ್ಟಿಗೆಯನ್ನು ಮುಚ್ಚಿದಳು, ಗುಪ್ತಪದ ಇಟ್ಟಳು. ಒಂದು ಗುಬ್ಬಿಯನ್ನು ಮಷಿನ್ನಿಗೆ ಕಳಿಸಿದಳು. ಮಷಿನ್ನು ತಕರಾರಿಲ್ಲದೆ ಹೊಲಿಯಿತು. ಬೆನ್ನ ಹಿಂದೆ ನಿಂತಿದ್ದ ಮಾಸ್ಟರಿಗೆ ಹೇಳಿಕೊಡಲು ಏನೂ ಉಳಿದಿರಲಿಲ್ಲ, ಬಾಯಿ ಮಾತ್ರ ತೆರೆದೇ ಇತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು, ನಿಜ. ಆದರೂ ಹಾಕಿದ್ದಾಯಿತು. ಹೋದ ಹೂವು ಹೋಯಿತು. ಹೆಂಡತಿಗೆ ಚುಚ್ಚುತ್ತಿದ್ದದ್ದು ಹೂವಲ್ಲ.

ಮಾಸ್ಟರು ಅಂದು ಸಂಜೆಯೇ ಮನೆಮನೆಗೂ ಹೊರಟರು. ತಪ್ಪು ಒಪ್ಪಿಕೊಳ್ಳಲು ಎಂದುಕೊಂಡಿರಾ? ಅವರು ಒಂದು ಕೈ ಕಂಪ್ಯೂಟರಿನ ನೆತ್ತಿಯ ಮೇಲಿಟ್ಟು, "ಕಾಲ ಕೆಟ್ಟಿದೆ. ಈಗೊಂದು ಹೊಸ ಅಪಾಯ ಶುರುವಾಗಿದೆ. ಫೈರ್‌ವಾಲ್ ಯಾವತ್ತೂ ಆನ್ ಇರ್ಬೇಕು. ನಾನೇ ಖುದ್ದಾಗಿ ಬಂದು ಮಾಡಿಕೊಡ್ತಿದ್ದೀನಿ" ಎಂದರು. ಟ್ಯೂಷನ್ ಮೇಡಂ ಅವರಿಂದ ಧನ್ಯವಾದವನ್ನೂ ತೆಗೆದುಕೊಂಡು ಬಂದರು.

ಹೆಂಡತಿ ಹಿಂದಿನ ಬೀದಿಗೆ ಹೋದಳು. ಕತ್ತರಿ ಅಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೆಂಡತಿ ನಿಂತೇ ಎಲ್ಲವನ್ನೂ ಹೇಳಿದಳು.

"ಗೊತ್ತಾಯ್ತಲ್ಲ. ಒಳ್ಳೇದಾಯ್ತು" ಎಂದಳು ಕತ್ತರಿ ಅಕ್ಕ, ತಲೆಯೆತ್ತದೆ.

"ನಾಳೆಯಿಂದ ಬಾ ಅಕ್ಕ. ಅವರು ನಿನಗೆ ಹೊಸ ಕತ್ತರಿ ತಂದುಕೊಡ್ತೀನಿ ಅಂತಿದ್ದಾರೆ."

"ನನ್ನ ಕತ್ತರಿ ಕೆಟ್ಟಿಲ್ಲ." ಅವಳು ಪಾತ್ರೆಯೊಂದನ್ನು ಬೋರಲು ಹಾಕಿದಳು. "ನಿಮ್ಮ ಮಾಸ್ಟರ್ರು ಮೆಟ್ಟಿಲ ಮೇಲೆ ಹೇಳಿದ್ರು. ನನ್ನ ಹಿತ್ತಲಲ್ಲಿ ವಾಪಸ್ ತಗೊಂಡ್ರೆ ಯಾರಿಗೆ ಕೇಳುತ್ತೆ, ಈ ಪಾತ್ರೆಗಳಿಗಾ? ಎಲ್ಲಿ ಚೆಲ್ಲಿದ್ರೋ ಅಲ್ಲೇ ಬಳಿಯೋಕೆ ಹೇಳು. ಆಮೇಲೆ ನೋಡೋಣ." ಸ್ವಲ್ಪ ತಡೆದು ಹೇಳಿದಳು, "ಅವರ ಮಾತು ನನಗೆ ಅಷ್ಟು ನೋಯಲಿಲ್ಲ ಕಣೇ. ಅವರ ಬಾಯಿ ನನಗೆ ಗೊತ್ತು. ನೀನು ನಿಂತಿದ್ದೆಯಲ್ಲ, ಅದು."

ಹೆಂಡತಿ ಬೋರಲು ಹಾಕಿದ್ದ ಪಾತ್ರೆಗಳನ್ನು ಒಳಗೆ ತಂದಿಟ್ಟು ಮನೆಯ ದಾರಿ ಹಿಡಿದಳು.

ಮನೆಯಲ್ಲಿ ಮಾಸ್ಟರು ಒಪ್ಪಲಿಲ್ಲ. ಗಂಡಸು, ಹತ್ತು ಮನೆಗೆ ಬೇಕಾದವನು, ಮೆಟ್ಟಿಲ ಮೇಲೆ ನಿಂತು? ಬೇಕಾದರೆ ಫೋನಿನಲ್ಲಿ ಹೇಳುತ್ತೇನೆ. ಬೇಕಾದರೆ ಒಂದು ಮೆಸೇಜು ಕಳಿಸುತ್ತೇನೆ. ಹೆಂಡತಿ ವಾದ ಮಾಡಲಿಲ್ಲ. "ಸರಿ. ನಾನೇ ಹೇಳ್ತೀನಿ ಬಿಡಿ, ಮನೆಮನೆಗೂ ಹೋಗಿ. ಪ್ರಶ್ನೆಪತ್ರಿಕೆ ಹೇಗೆ ಹೊರಗೆ ಬಿತ್ತು ಅಂತ ಮೇಡಂಗೂ ಹೇಳ್ತೀನಿ. ಫೋಟೋ ವಿಷಯ ಗುಮಾಸ್ತರಿಗೂ ಹೇಳ್ತೀನಿ" ಎಂದಳು. ಮರುದಿನ ಸಂಜೆ ಮಾಸ್ಟರು ಕೋಟು ಹಾಕಿಕೊಂಡರು.

ಹೆಂಡತಿ ಹೇಳಿಕಳಿಸಿದ್ದರಿಂದ ಕತ್ತರಿ ಅಕ್ಕ ಬಂದು ಕೆಳಗಿನ ಮೆಟ್ಟಿಲ ಹತ್ತಿರ ನಿಂತಳು, ಚೀಲ ಹೆಗಲಲ್ಲಿ. ಮಕ್ಕಳು ಇಳಿಯುತ್ತಿದ್ದರು, ಗುಮಾಸ್ತರು ಗಾಳಿಗೆ ನಿಂತಿದ್ದರು, ಟೈಲರಮ್ಮ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದಿದ್ದಳು. ಮಾಸ್ಟರು ಕೆಮ್ಮಿದರು.

"ಈ ಕಂಪ್ಯೂಟರಲ್ಲಿ ಏನಾಗುತ್ತೆ ಅಂದ್ರೆ, ನೆಟ್‌ವರ್ಕ್ ಅಂತ ಒಂದಿರುತ್ತೆ..."

"ಅದು ಬೇಡ" ಎಂದಳು ಕತ್ತರಿ ಅಕ್ಕ.

"ಒಂದು ಅಪಾರ್ಥದಿಂದಾಗಿ..."

"ಕೇಳಿಸ್ತಿಲ್ಲ ಮಾಸ್ಟರ್ರೇ. ಅವತ್ತು ಮೇಲಿನ ಮಹಡಿಗೂ ಕೇಳಿಸಿತ್ತು."

ಮಾಸ್ಟರು ಕೋಟಿನ ಗುಂಡಿ ಹಿಡಿದು ತಿರುವತೊಡಗಿದರು. ಸ್ವಿಚ್ಚು ಎಲ್ಲಿದೆಯೆಂದು ಗೊತ್ತಿಲ್ಲದ ಯಂತ್ರದ ಮುಂದೆ ಅವರನ್ನು ಯಾರೂ ನಿಲ್ಲಿಸಿರಲಿಲ್ಲ. ಆಗ ಅವರ ಹಿಂದಿನಿಂದ ಹೆಂಡತಿ ಮೆಟ್ಟಿಲು ಇಳಿದು ಮುಂದೆ ಬಂದಳು. ಅವಳಿಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲ, ದನಿ ಮೊದಲ ಪದಕ್ಕೇ ಸೀಳಿತು.

"ಆ ಬಟ್ಟೆ ಚೂರು ನಾನೇ ಕೊಟ್ಟಿದ್ದು. ಅಕ್ಕ ತಗೊಂಡಿದ್ದಲ್ಲ. ಅವತ್ತೇ ಹೇಳ್ಬೇಕಿತ್ತು, ಹೇಳಲಿಲ್ಲ. ಹೆದರ್ಕೊಂಡೆ. ತಪ್ಪು ನಂದು." ಗಂಡನ ಕಡೆ ನೋಡಿದಳು. "ಇನ್ನು ನಿಮ್ಮದು ಹೇಳಿ."

ಮಾಸ್ಟರು ಹೇಳಿದರು. ಉದ್ದ ಮಾತಿನ ಮನುಷ್ಯ ಅಷ್ಟು ಗಿಡ್ಡ ಮಾತು ಆಡಿದ್ದನ್ನು ಆ ಕಟ್ಟಡ ಕೇಳಿರಲಿಲ್ಲ.

"ಅವರು ಕದ್ದಿಲ್ಲ. ನಾನೇ ತೆರೆದಿಟ್ಟಿದ್ದೆ."

ಮೇಲಿನ ಮಹಡಿಯಿಂದ ಗುಮಾಸ್ತರು ಕೇಳಿದರು, "ಏನನ್ನ ತೆರೆದಿಟ್ಟಿದ್ರಿ ಮಾಸ್ಟರ್? ನಮ್ಮದೂ ಇತ್ತಾ?" ಟೈಲರಮ್ಮ ಟೇಪನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು. ಮಾಸ್ಟರು ಗುಮಾಸ್ತರ ಕಡೆಗೆ ಮೆಟ್ಟಿಲು ಹತ್ತತೊಡಗಿದರು. ಆ ಭಾಷಣ ಎಷ್ಟು ಹೊತ್ತು ನಡೆಯಿತೆಂದು ಯಾರೂ ಕಾದು ನೋಡಲಿಲ್ಲ.

ಕತ್ತರಿ ಅಕ್ಕ ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಪರದೆ ಅಂಗಡಿಯವಳು ಅಲ್ಲೇ ರಸ್ತೇಲಿ ನಿಂತಿದ್ದಳು, ನೋಡಿದೆಯಾ? ಚೆನ್ನಾಗಿ ಕೇಳಿಸ್ಕೊಂಡ್ಲು" ಎಂದಳು. ಆಮೇಲೆ, "ದಾರ ಎಷ್ಟು ಬಾಕಿ ಇಟ್ಟಿದ್ದೀಯ?"

"ರಾಶಿ ಬಿದ್ದಿದೆ."

"ತೂತು ಎಷ್ಟು ಮಾಡಿದ್ದೀಯ?"

"ಅದನ್ನ ಕೇಳ್ಬೇಡ."

ಇಬ್ಬರೂ ಮೇಲೆ ಬಂದರು. ಬಾಗಿಲ ಗಂಟೆ ಕಿರುಚಿದಾಗ ಕತ್ತರಿ ಅಕ್ಕ ಬೆಚ್ಚಿ, "ಇದೇನು ಸಂಕಟ ಇದಕ್ಕೆ?" ಎಂದಳು. ಹೆಂಡತಿ ಮಣೆ ಹಾಕಿದಳು. ಕತ್ತರಿ ಅಕ್ಕ ಕನ್ನಡಕ ಏರಿಸಿ, ಮೇಲಿನ ದಿಂಬಿನ ಚೀಲವನ್ನು ತೊಡೆಯ ಮೇಲೆ ಹರಡಿ, ತೂತುಗಳನ್ನು ಬೆರಳಿಂದ ಮುಟ್ಟಿ ನೋಡಿ ತಲೆಯಲ್ಲಾಡಿಸಿದಳು. ಆಮೇಲೆ ಒಂದು ಹೂವಿನಿಂದ ಇನ್ನೊಂದಕ್ಕೆ ಹೋದ ದಾರವನ್ನು ಬುಡದಲ್ಲಿ ಹಿಡಿದು ಕತ್ತರಿಸಿದಳು, ತಿರುಗಿಸಿ ಹಿಂದಿನದನ್ನೂ ಕತ್ತರಿಸಿದಳು. ಚೂರುಗಳು ನೆಲಕ್ಕೆ ಬಿದ್ದವು. ಹೆಂಡತಿ ಮೂಲೆಯಿಂದ ಕಸಬರಿಗೆ ತಂದು ಮಷಿನ್ನಿನ ಕೆಳಗಿನಿಂದ ಗುಡಿಸುತ್ತ ಬಂದಳು. ದಾರ ನೆಲಕ್ಕೆ ಅಂಟಿಕೊಳ್ಳುವಂಥದು, ಒಂದು ಸಲಕ್ಕೆ ಬರುವುದಿಲ್ಲ.

"ಕಾಲೆತ್ತಕ್ಕ" ಎಂದಳು.

ಕತ್ತರಿ ಅಕ್ಕ ಕೆಲಸದಿಂದ ಕಣ್ಣು ತೆಗೆಯದೆ ಕಾಲೆತ್ತಿದಳು. ಹೆಂಡತಿ ಮಣೆಯಡಿಯ ಕಸವನ್ನೂ ಸೇರಿಸಿ ಮೊರಕ್ಕೆ ಎಳೆದುಕೊಂಡಳು.